ಅಕ್ಕಾರು ತುಂಬಿಸಿದ ದನಿಗಳು

ಹೋದ ತಿಂಗಳು ಜಮಖಂಡಿಯಲ್ಲಿ ಮಿಕ್ಸರ್ ದುರಸ್ತಿಗೆ ಕೊಟ್ಟು ಅಂಗಡಿಯ ಮುಂದೆ ಕೂತಿದ್ದೆ. ಅಂಗಡಿಯವ ಯಾರದೋ ಹಳೇ ಟೇಪ್‌ರೆಕಾರ್ಡರ್ ಬಿಚ್ಚಿ ಚಾಲೂ ಮಾಡಿದ. ಕಾದ ಮೋಟಾರು, ಎಣ್ಣೆ, ಧೂಳು... ಆ ವಾಸನೆ ಮೂಗಿಗೆ ಬಡಿಯಿತು. ರಬಕವಿಯಲ್ಲಿ ನಮ್ಮ ಎದುರುಮನೆಯ ಅಕ್ಕಾರ ಕೋಣೆಯಲ್ಲಿ ಸದಾ ಇದೇ ವಾಸನೆ.

ಹೆಣ್ಣುಮಕ್ಕಳ ಸಾಲೆಯಲ್ಲಿ ಕಲಿಸುತ್ತಿದ್ದರು; ನಮ್ಮ ಕಡೆ ಟೀಚರಿಗೆ ಅಕ್ಕಾರು ಎನ್ನುತ್ತಾರೆ. ಮದುವೆಯಾಗಿರಲಿಲ್ಲ. ರಜೆಯ ದಿನ ಟೇಪ್‌ರೆಕಾರ್ಡರ್ ಹೊತ್ತು ಮಗ್ಗದ ಮನೆಗಳಿಗೆ ಹೋಗಿ ಹೆಂಗಸರ ಮಾತು ತುಂಬಿಸಿಕೊಳ್ಳುತ್ತಿದ್ದರು. ಮೊದಲು ಹೆಸರು ಹೇಳಿಸುತ್ತಿದ್ದರು. ಅಕ್ಕಾರ ಅಜ್ಜಿಯ ಹಾಡನ್ನು ಹಿಂದೊಬ್ಬ ಇಂಗ್ರೇಜಿ ಸಾಹೇಬ ಗ್ರಾಮಫೋನ್ ತಟ್ಟೆಗೆ ತುಂಬಿಸಿಕೊಂಡು ಹೋಗಿದ್ದನಂತೆ. ಅದರ ಮೇಲೆ ಬರೆದದ್ದು ‘ನೇಕಾರ ಹೆಂಗಸು’ ಎಂದಷ್ಟೇ.

ಒಮ್ಮೆ ನಮ್ಮ ಅತ್ತೆಯ ಮಗ್ಗದ ಹತ್ತಿರ ಬಂದು ಕೂತರು.

“ನನ್ನ ಹೆಸರ ತಗೊಂಡ ಏನ ಮಾಡ್ತೀರಿ ಅಕ್ಕಾರ?”

“ಇರಲಿ, ಹೇಳ್ರಿ ಯವ್ವಾ.”

“ನಾ... ಗುರವ್ವ.”

ಸೊಸೆಯಾಗಿ ಬಂದು ವರ್ಷಗಳಾಗಿದ್ದವು, ಆ ಹೆಸರನ್ನು ಅತ್ತೆಯ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಲಾಳಿ ಒಗೆಯುತ್ತಲೇ ಅತ್ತೆ ಯಾರಿಗೂ ಹೇಳದ್ದನ್ನು ಹೇಳಿದರು. ಚೊಚ್ಚಲ ಕೂಸಿಗೆ ಜ್ವರ. ಸಂಜೆಯೊಳಗೆ ಸೀರೆ ನೇದು ಮಗ್ಗದಿಂದ ಇಳಿಸಬೇಕಿತ್ತು. “ಅಳೂದು ನಿಂತಿತು. ಮಕ್ಕೊಂಡೈತಿ ಅಂತ ತಿಳಕೊಂಡ್ನಿ. ಲಾಳಿ ಬಿಡಲಿಲ್ಲ...”

ಅಕ್ಕಾರು ಆ ಟೇಪನ್ನು ರೇಡಿಯೋದವರಿಗೆ ಕೇಳಿಸಿದರು. ಅಲ್ಲಿಯ ಸಾಹೇಬರು, “ಮಗ್ಗ ನಿಲ್ಲಿಸಿ, ಶುದ್ಧ ಭಾಷೆಯಲ್ಲಿ ಇನ್ನೊಮ್ಮೆ ಹೇಳಿಸಿ. ಈ ಗದ್ದಲದಲ್ಲಿ ಏನೂ ತಿಳಿಯುವುದಿಲ್ಲ” ಎಂದರಂತೆ.

“ಆಕಿ ಕೂಸು ತೀರಿದ್ದು ಆ ಗದ್ದಲದಾಗರಿ” ಎಂದು ಹೇಳಿ ಅಕ್ಕಾರು ಟೇಪು ಎತ್ತಿಕೊಂಡು ಬಂದುಬಿಟ್ಟರು. ಅವತ್ತು ನಮ್ಮ ಕಟ್ಟೆಯ ಮೇಲೆ ಕೂತು ನಡೆದದ್ದನ್ನೆಲ್ಲ ಹೇಳಿದರು. ಆಮೇಲೆ, “ಇಂಗ್ರೇಜಿಯವರು ಹೋದ್ರು ನೋಡವಾ. ಅವರ ಕಿವಿ ಇಲ್ಲೇ ಉಳದಾವ” ಎಂದರು.

ಮುಂದಿನ ಭಾನುವಾರ ಮದುವೆಗೆ ಹಚ್ಚುವ ಲೌಡ್‌ಸ್ಪೀಕರಿನ ಕರ್ಣಿ ತರಿಸಿ ಓಣಿಯ ಬೇವಿನ ಮರಕ್ಕೆ ಕಟ್ಟಿಸಿದರು. “ಇದು ನಮ್ಮ ಓಣಿ ರೇಡಿಯೋ” ಎಂದು ತಾವೇ ಕೂಗಿ ಹೇಳಿ ಟೇಪು ಹಚ್ಚಿದರು. ಮಗ್ಗದ ಸಪ್ಪಳ, ಅದರೊಳಗೆ ಅತ್ತೆಯ ಮಾತು. ನಗುತ್ತ ಬಂದಿದ್ದ ಜನ ಮರದ ಕೆಳಗೇ ಕೂತರು. ಕೂಸಿಗೆ ಜ್ವರ ಬಂದ ದಿನ ಸೀರೆ ಮುಗಿಸೆಂದು ಗದರಿಸಿದ್ದವರು ನಮ್ಮ ಮಾವನೇ. ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು.

“ಇಷ್ಟ ವರ್ಷ ನನಗ ಹೇಳಲೇ ಇಲ್ಲಲ್ಲ...”

“ನೀವು ಎಂದರ ಕೇಳಿದ್ರೇನು?” ಎಂದರು ಅತ್ತೆ.

ಅಂದಿನಿಂದ ಪ್ರತಿ ಭಾನುವಾರ ಒಬ್ಬೊಬ್ಬರ ದನಿ. ಮುಂದೆ ಅಕ್ಕಾರಿಗೆ ಬೀಳಗಿಯ ಕಡೆಗೆ ವರ್ಗವಾಯಿತು. ಬೇವಿನ ಮರದ ಕರ್ಣಿ ಇಳಿಯಿತು. ಕೆಲವೇ ವರ್ಷಗಳಲ್ಲಿ, ಅಕ್ಕಾರು ಕಾಮಾಲೆಯಾಗಿ ತೀರಿಕೊಂಡರೆಂದು ಸುದ್ದಿ ಬಂತು. ಅಷ್ಟರಲ್ಲಿ ಅತ್ತೆಯೂ ಹೋಗಿದ್ದರು. ಅತ್ತೆಯ ಟೇಪನ್ನಾದರೂ ಕೇಳಿ ತರೋಣವೆಂದು ಬಸ್ಸು ಹಿಡಿದು ಅಕ್ಕಾರ ತಮ್ಮನ ಮನೆಗೆ ಹೋದೆ. ಆತ ಒಳ್ಳೆಯವನೇ, ಚಹಾ ಕೊಟ್ಟ.

“ಅದರಾಗ ಹಾಡ ಇರಲಿಲ್ಲರಿ ಅಕ್ಕಾ, ಬರೇ ಮಾತಿದ್ವು. ಹುಡುಗೂರು ಅದರ ಮ್ಯಾಲೆ ಸಿನಿಮಾ ಪದ ತುಂಬಿಸ್ಯಾರ.”

ಚಹಾ ಕುಡಿದು ಎದ್ದು ಬಂದೆ.

ಈಗ ನಮ್ಮ ಓಣಿಯಲ್ಲಿ ಆ ಹೆಂಗಸರು ಯಾರೂ ಉಳಿದಿಲ್ಲ. ಅಕ್ಕಾರು ತಮ್ಮ ದನಿಯನ್ನು ಒಮ್ಮೆಯೂ ತುಂಬಿಸಿಕೊಂಡಿರಲಿಲ್ಲ. ಅವರ ಮುಖ, ಬಿಳಿ ಸೀರೆ, ನಡಿಗೆ ಎಲ್ಲ ನೆನಪಿದೆ. ಅವರಾಡಿದ ಮಾತುಗಳೂ ನೆನಪಿವೆ. ಆದರೆ ನೆನೆದಾಗಲೆಲ್ಲ ಅವು ನನ್ನದೇ ದನಿಯಲ್ಲಿ ಕೇಳಿಸುತ್ತವೆ.