ಗಿಣ್ಣಿನಂತೆ ಗಟ್ಟಿಯಾದ ಮೂತ್ರ

ಗೆಳೆಯರೇ, ಮುಖ ಊದಿಕೊಂಡಿದ್ದ ನಾಲ್ಕು ವರ್ಷದ ಮಗಳನ್ನು ಬೆಳಗ್ಗೆ ನಾಗಮಂಗಲದ ಮಕ್ಕಳ ಡಾಕ್ಟರಿಗೆ ತೋರಿಸಿದೆ. ಜೊತೆಗಿದ್ದ ಅತ್ತೆಗೆ ಸಿಟ್ಟು. "ಕೂಸು ಮೈಕೈ ತುಂಬ್ಕೊಂಡ್ರೆ ನಿಂಗೆ ಕಾಯ್ಲೆ ಅಂಗೆ ಕಾಣ್ತದಲ್ಲವ್ವ!"

ಡಾಕ್ಟರು ಮಗಳ ಕಾಲನ್ನು ಹೆಬ್ಬೆರಳಿನಿಂದ ಒತ್ತಿದರು. ಬಿದ್ದ ಗುಳಿ ಹಾಗೇ ಉಳಿಯಿತು. ಆಮೇಲೆ ಅವಳ ಮೂತ್ರವನ್ನು ಗಾಜಿನ ನಳಿಕೆಯಲ್ಲಿ ಕಾಯಿಸಿದರು. ತಿಳಿಯಾಗಿದ್ದದ್ದು ನೋಡನೋಡುತ್ತ ಬೆಳ್ಳಗೆ ಗಟ್ಟಿಯಾಯಿತು. ಜೀವನವಿಡೀ ಹಸು ಸಾಕಿದ ಅತ್ತೆ ಬಗ್ಗಿ ನೋಡಿ, "ಇದೇನ್ ಸಾರ್, ಗಿಣ್ಣಂಗೆ ಆಗೋಯ್ತು?" ಎಂದರು.

"ಕಿಡ್ನಿ ತಡೆದಿಡಬೇಕಾದ ಪ್ರೋಟೀನು ಸೋರಿಹೋಗ್ತಿದೆ ಅಜ್ಜಿ, ಅದಕ್ಕೇ ಈ ಊತ. ಹೆಚ್ಚಿನ ಮಕ್ಕಳಿಗೆ ಮಾತ್ರೆಯಲ್ಲೇ ಹತೋಟಿಗೆ ಬರುತ್ತೆ. ಆದರೆ ದಿನಾ ಬೆಳಗ್ಗೆ ಮನೇಲಿ ಹೀಗೇ ಕಾಯಿಸಿ ನೋಡಬೇಕು."

ನನಗೆ ಅಳು ಬಂತು. ಅತ್ತೆ ಬೆನ್ನು ಸವರಿದರು. "ಅಳ್ಬ್ಯಾಡ ಕಣವ್ವ, ನಾನೇ ಕಾಯ್ಸಿ ನೋಡ್ತೀನಿ ಬುಡು. ಆದ್ರೆ ಅಡ್ಗೆ ಒಲೆ ಮ್ಯಾಲ್ ಬ್ಯಾಡ."

ಬರುವಾಗ ಅವರೇ ಒಂದು ಚಿಕ್ಕ ಸ್ಟವ್ ಕೊಂಡರು. ನಾನು ಮದುವೆಯಾಗಿ ಬಂದ ಮೇಲೆ ಅತ್ತೆಯೊಂದಿಗೆ ಎಷ್ಟೋ ಜಗಳವಾಗಿವೆ. ಆಗೆಲ್ಲ ಬೇರೆಯಾಗದ ಒಲೆ ಇವತ್ತು ಬೇರೆಯಾಯಿತು!