ಅಪ್ಪನ ರುಮಾಲು, ನನ್ನ ಹೆಲ್ಮೆಟ್ಟು

ನಮ್ಮ ಅಪ್ಪನ ಬೋಳು ತಲೆಯನ್ನು ನೋಡಿದವರು ರಾವೂರಿನಲ್ಲಿ ಹೆಚ್ಚು ಮಂದಿ ಇಲ್ಲ. ಅವ್ವ ನೋಡಿದ್ದಾಳೆ, ಕಟಿಂಗ್ ಅಂಗಡಿಯವನು ನೋಡಿದ್ದಾನೆ, ಅಷ್ಟೇ. ಬೆಳಿಗ್ಗೆ ಸ್ನಾನ, ವಿಭೂತಿ, ಲಿಂಗಪೂಜೆ ಮುಗಿಸಿ ಬಿಳಿ ರುಮಾಲು ಸುತ್ತಿದನೆಂದರೆ ಅದು ಇಳಿಯುವುದು ಹಾಸಿಗೆಗೆ ಹೋಗುವಾಗಲೇ. ಅಂಥವನಿಗೆ ಗಾಡಿ ಮೇಲೆ ಹೆಲ್ಮೆಟ್ ಹಾಕಿಕೋ ಎಂದು ನಾನು ವರ್ಷಗಟ್ಟಲೆ ಹೇಳಿದ್ದೆಲ್ಲ ಗೋರ್ಕಲ್ಲಿನ ಮೇಲೆ ಮಳೆ ಸುರಿದಂತಾಗಿತ್ತು.

"ಮಂದಿ ಮುಂದ ರುಮಾಲ ತೆಗೆದು ಮಣ್ಣಿನ ಗಡಗಿ ಬೋರಲ ಹಾಕ್ಕೊಳ್ಳೇನು?" ಎನ್ನುತ್ತಿದ್ದ.

ನಾನು ಸೇಡಂನಲ್ಲಿ ಶಾಲೆಯ ಟೀಚರು. ರಾವೂರು ತವರು. ಆ ಸಲ ತೊಗರಿ ಕೊಯ್ಲಿನ ದಿನಗಳಲ್ಲಿ ಸ್ಕೂಟರ್ ತೆಗೆದುಕೊಂಡು ತವರಿಗೆ ಬಂದಿದ್ದೆ. ಚಿತ್ತಾಪುರದಲ್ಲಿ ಬೀಗರ ಮನೆಯ ತೊಟ್ಟಿಲು ಕಾರ್ಯ. ಅಪ್ಪನನ್ನು ಹಿಂದೆ ಕೂರಿಸಿಕೊಂಡು ಹೊರಟೆ. ನನ್ನ ತಲೆಗೆ ಹೆಲ್ಮೆಟ್, ಅಪ್ಪನ ತಲೆಗೆ ಗಂಜಿ ಹಾಕಿ ಒಗೆದ ಹೊಸ ರುಮಾಲು.

ಕೊಯ್ಲಿನ ಹೊತ್ತಿಗೆ ನಮ್ಮ ಕಡೆ ಡಾಂಬರು ರಸ್ತೆಯೇ ಕಣ. ಒಣಗಿದ ತೊಗರಿ ಗಿಡಗಳನ್ನು ರಸ್ತೆಗೆ ಅಡ್ಡಲಾಗಿ ಹಾಸಿಬಿಡುತ್ತಾರೆ. ಬಸ್ಸು ಲಾರಿಗಳ ಗಾಲಿಗಳು ತುಳಿದು ಕಾಳು ಬಿಡಿಸುತ್ತವೆ, ಎತ್ತೂ ಬೇಡ, ಮಷೀನೂ ಬೇಡ. ನಾಲ್ಕು ಗಾಲಿಯವರಿಗೆ ಏನೂ ಆಗುವುದಿಲ್ಲ. ಎರಡು ಗಾಲಿಯವರು ಬ್ರೇಕ್ ಹಿಡಿದರೆ ಕೆಟ್ಟರು. ತಿರುವು ದಾಟಿದ್ದೇ ತಡ ಎದುರಿಗೆ ಹಾಸಿದ ತೊಗರಿ ಕಂಡಿತು. ನಾನು ಬ್ರೇಕ್ ಹಿಡಿದೆ.

ಗಾಡಿ ಜಾರಿ ಮಲಗಿತು. ನಾನು ಎಡಗೈ ಊರಿ ಬಿದ್ದು, ತಲೆ ಡಾಂಬರಿಗೆ ಉಜ್ಜಿಕೊಂಡು ಅಷ್ಟು ದೂರ ಹೋದೆ. ಎದ್ದು ನೋಡಿದರೆ ರುಮಾಲು ರಸ್ತೆಯ ನಡುವೆ ಗಾಡಿಯ ಪಕ್ಕ ಬಿದ್ದಿದೆ, ಅದರಡಿ ಅಪ್ಪ ಇಲ್ಲ. "ಅಪ್ಪಾ" ಎಂದು ಕೂಗಿದೆ. ಆಮೇಲೆ ರಸ್ತೆಯ ಪಕ್ಕದ ಹೊಟ್ಟಿನ ರಾಶಿ ಅಲುಗಾಡಿತು. ಅದರೊಳಗಿಂದ ಮೊದಲು ಒಂದು ಬೋಳು ತಲೆ, ಹಿಂದೆಯೇ ಅಪ್ಪ ಬಂದ. ಮೂಗು, ಕಿವಿ, ಮೀಸೆ ಎಲ್ಲಾ ಹೊಟ್ಟೇ ಹೊಟ್ಟು.

"ನನ್ನ ರುಮಾಲ ಎಲ್ಲಿ?" ಎಂದ. ಮಗಳು ಎಲ್ಲಿ ಎಂದು ಕೇಳಲಿಲ್ಲ ಮಹಾರಾಯ!

ನಾನೇ ಹೆಕ್ಕಿ, ಝಾಡಿಸಿ ಕೊಟ್ಟೆ. ತೊಗರಿ ಹಾಸಿದ್ದ ಹೊಲದ ಹೆಣ್ಣುಮಗಳು ಓಡಿಬಂದು ನನ್ನ ಕೈಗೆ ತನ್ನ ಸೆರಗಿನ ತುಂಡು ಹರಿದು ಕಟ್ಟಿ, "ಯಕ್ಕಾ, ನಮ್ಮದ ತಪ್ಪಾತ್ರಿ, ಕಲ್ಲರ ಅಡ್ಡ ಇಡಬೇಕಾಗಿತ್ತು" ಎಂದು ಅಳತೊಡಗಿದಳು. ಅವಳ ಗಂಡ ನಮ್ಮಿಬ್ಬರನ್ನೂ ಆಟೋ ಹತ್ತಿಸಿ ಚಿತ್ತಾಪುರದ ದವಾಖಾನೆಗೆ ಕರೆದೊಯ್ದ. ನನ್ನ ಮಣಿಕಟ್ಟು ಮುರಿದಿತ್ತು, ಅಪ್ಪನ ಹೆಗಲ ಎಲುಬು ಸೀಳು ಬಿಟ್ಟಿತ್ತು. ಡಾಕ್ಟರು ನನ್ನ ಹೆಲ್ಮೆಟ್ಟನ್ನು ತಿರುಗಿಸಿ ನೋಡಿದರು. ಕಿವಿಯಿಂದ ಗದ್ದದವರೆಗೆ ಆಳವಾದ ಗೀರು.

"ಈ ಗೀರು ನಿಮ್ಮ ಕಪಾಳಕ್ಕ ಬೀಳಬೇಕಾಗಿತ್ತು ನೋಡ್ರಿ ಟೀಚರ್" ಎಂದರು. ಈ ಮಾತು ಅಪ್ಪನ ಕಿವಿಗೆ ಬೀಳಲಿ ಎಂದು ನಾನು ಮತ್ತೊಮ್ಮೆ ಹೇಳಿಸಿದೆ.

ಕೈ ವಾಸಿಯಾಗುವವರೆಗೆ ನಾನು ತವರಿನಲ್ಲೇ ಉಳಿದೆ. ಫರಸಿ ಕಲ್ಲಿನ ಕಟ್ಟೆಯ ಮೇಲೆ ಕೊರಳಿಗೆ ಕೈ ಕಟ್ಟಿಕೊಂಡು ಅಪ್ಪ ಮಗಳು ಜೋಡಿಯಾಗಿ ಕೂರುತ್ತಿದ್ದೆವು. ಮಾತಾಡಿಸಲು ಬಂದವರೆಲ್ಲ ಬ್ರೆಡ್ಡು, ಬಾಳೆಹಣ್ಣು ತರುತ್ತಿದ್ದರು. ಬ್ರೆಡ್ಡು ತಿಂದು ತಿಂದು ನಮ್ಮ ಎಮ್ಮೆಗೂ ಬೇಸರ ಬಂತು. ಮೊದಲ ದಿನ ಬಂದ ಹಿರಿಯರೊಬ್ಬರು, "ತಲಿಗಿ ಬಂದಿದ್ದು ರುಮಾಲಿಗಿ ಹೋಯ್ತು ಬಿಡಪಾ" ಎಂದು ಗಾದೆ ಹೇಳಿ ಸಮಾಧಾನ ಮಾಡಿದರು. ಅಷ್ಟೇ ಸಾಕಾಯಿತು. ಮರುದಿನದಿಂದ ಅಪ್ಪನ ಕಥೆ ಶುರು.

"ರುಮಾಲ ಇತ್ತು, ತಲಿ ಉಳೀತು! ಅಕೀ ಹೆಲ್ಮೆಟ್ ನೋಡ್ರಿ, ಎಷ್ಟುದ್ದ ಗೀರು ಬಿದ್ದಾದ. ನನ್ನ ರುಮಾಲಿಗಿ ಒಂದು ಗೀರಾದ್ರೂ ಅದ ಏನು?"

ಬಂದವರು ರುಮಾಲು ಮುಟ್ಟಿ ನೋಡಿ ತಲೆದೂಗುತ್ತಿದ್ದರು. ರುಮಾಲು ಮೊದಲೇ ಹಾರಿ ಬಿದ್ದಿತ್ತು ಎಂದು ನಾನು ಬಾಯಿ ತೆರೆದರೆ, "ಅಕೀಗಿ ಗಾಬರಿಯೊಳಗ ಏನೂ ಕಂಡಿಲ್ಲ" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದ. ಶಾಲೆಯಲ್ಲಿ ನನ್ನ ಒಂದು ಮಾತಿಗೆ ಇಡೀ ಕ್ಲಾಸು ಸುಮ್ಮನಾಗುತ್ತದೆ. ತವರಿನಲ್ಲಿ ನನ್ನದು ಮೂರು ಕಾಸಿನ ಬೆಲೆ.

ನಗುತ್ತಾ ಬಿಟ್ಟುಬಿಡಬಹುದಿತ್ತು. ಆದರೆ ಮನೆಯಲ್ಲಿ ಅಣ್ಣನ ಮಗನಿದ್ದ. ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಅವನಿಗೆ ಕೆಲಸ. ಹೆಲ್ಮೆಟ್ ಇಲ್ಲದ ಬೈಕನ್ನು ಅಲ್ಲಿ ಗೇಟಿನೊಳಗೆ ಬಿಡುವುದಿಲ್ಲ. ಹಾಗಾಗಿ ಗೇಟಿನವರೆಗೆ ಮೊಣಕೈಗೆ ನೇತುಹಾಕಿಕೊಂಡು ಹೋಗಿ, ಗೇಟು ಕಂಡ ಮೇಲೆ ತಲೆಗೆ ಹಾಕುವುದು ಅವನ ಪದ್ಧತಿ. ಒಂದು ಕೈ ಆಡದ ಅಪ್ಪನಿಗೆ ದಿನಾ ಬೆಳಿಗ್ಗೆ ರುಮಾಲು ಸುತ್ತುತ್ತಿದ್ದವನೂ ಅವನೇ. ಸುತ್ತುತ್ತಾ ಕಥೆ ಕೇಳಿಸಿಕೊಂಡು, ಕಡೆಗೆ ಒಂದು ದಿನ ತಾನೂ ತಲೆಗೆ ಟವೆಲು ಬಿಗಿದುಕೊಂಡು ಬೈಕ್ ಹತ್ತಿದ.

"ಹೆಲ್ಮೆಟ್ ಹಾಕೋ" ಎಂದೆ.

"ಅತ್ತೀ, ಮುತ್ಯಾಗ ಉಳಿಸಿದ್ದು ತಲಿಗಿ ಸುತ್ತಿದ ಅರಿವಿನೇ ಅಲ್ಲೇನು?" ಎಂದು ತನ್ನಜ್ಜನ ಕಡೆ ನೋಡಿ ನಕ್ಕು ಹೋದ.

ಹೆತ್ತ ತಂದೆಗೆ ಹೇಳಬಾರದ ಗಾದೆ, ಆದರೂ ಹೇಳಿದೆ: ಕೋತಿ ತಾನು ಕೆಡುವುದಲ್ಲದೆ ವನವನ್ನೆಲ್ಲ ಕೆಡಿಸಿತಂತೆ. ಅಪ್ಪ ಕೇಳಿಸದವನಂತೆ ಬಾಳೆಹಣ್ಣು ಸುಲಿದ. ನನಗೆ ಆ ಹುಡುಗನ ಚಿಂತೆಯಾಗಿ ಊಟ ರುಚಿಸುತ್ತಿರಲಿಲ್ಲ.

ಒಂದು ಭಾನುವಾರ ಶಹಾಬಾದಿನಿಂದ ಅಪ್ಪನ ಹಳೆಯ ಗೆಳೆಯ ಬಂದರು. ಹರೆಯದಲ್ಲಿ ಇಬ್ಬರೂ ಒಂದೇ ಗಣಿಯಲ್ಲಿ ಕಲ್ಲು ಎತ್ತಿದವರು. ಹೋದ ವರ್ಷ ಅವರ ಒಬ್ಬನೇ ಮಗ ಬೈಕಿನಿಂದ ಬಿದ್ದು ತೀರಿಕೊಂಡಿದ್ದ. ಬಿಸಿಲಿಗೆ ತಲೆಗೆ ಟವೆಲು ಸುತ್ತಿಕೊಂಡಿದ್ದನಂತೆ. ಅಪ್ಪನೂ ನಾನೂ ಮಣ್ಣಿಗೆ ಹೋಗಿ ಬಂದಿದ್ದೆವು.

"ಬರ್ರಿ, ಕುಂದ್ರಿ" ಎಂದು ಅಣ್ಣನ ಮಗ ಕಂಬಳಿ ಹಾಸಿದ. ಬಂದವರು ಯಾರೆಂದು ಅವನಿಗೆ ಗೊತ್ತಿಲ್ಲ, ರಜೆಯ ಹುಮ್ಮಸ್ಸು ಬೇರೆ. "ಮುತ್ಯಾ, ರುಮಾಲಿಂದು ಹೇಳು" ಎಂದ. ಅಪ್ಪ ಗೆಳೆಯನ ಮುಖ ನೋಡಿದ, ಹೇಳಲಿಲ್ಲ. ಹುಡುಗ ತಾನೇ ಶುರು ಮಾಡಿದ. "ಅವತ್ತು ತಲಿಗಿ ರುಮಾಲ ಇತ್ತಲ್ರೀ, ಅದಕ್ಕ..."

"ಸುಮ್ನ ಕುಂದ್ರು" ಎಂದ ಅಪ್ಪ. ದನಿ ಗಟ್ಟಿಯಾಗಿತ್ತು. "ರುಮಾಲ ಮೊದಲೇ ಹಾರಿತ್ತು. ನಾ ಬೋಳ ತಲೀಲೇ ಬಿದ್ದೀನಿ. ಹೊಟ್ಟಿನ ರಾಶಿ ಇತ್ತು, ಉಳದೀನಿ. ಇಷ್ಟು ದಿನ ಹೇಳಿದ್ದೆಲ್ಲ ಸುಳ್ಳ."

ನಾನು ಬೆರಗಾದೆ. ರುಮಾಲು ಮೊದಲೇ ಹಾರಿದ್ದು ಅಪ್ಪನಿಗೆ ನಿಜವಾಗಿಯೂ ಗೊತ್ತಿಲ್ಲ ಎಂದೇ ತಿಳಿದಿದ್ದೆ. ಗೆಳೆಯ ಕಟ್ಟೆಯ ಫರಸಿ ಕಲ್ಲನ್ನು ಅಂಗೈಯಿಂದ ಸವರಿದರು.

"ನಮ್ಮ ಹುಡುಗ ಬಿದ್ದಲ್ಲಿ ಹೊಟ್ಟಿರಲಿಲ್ಲ. ಇದೇ ಕಲ್ಲಿತ್ತು" ಎಂದರು.

ನನಗೆ ಕಣ್ಣು ತುಂಬಿ ಬಂತು. ಒಳಗಿನಿಂದ ಅವ್ವ ಚಹಾ ತಂದು ಕೊಟ್ಟಳು, ಗೆಳೆಯರಿಬ್ಬರೂ ಹಳೆಯ ಗಣಿಯ ಮಾತು ತೆಗೆದು ಸಂಜೆಯವರೆಗೆ ಕೂತರು. ಹೊರಡುವಾಗ ಅವರು ಅಣ್ಣನ ಮಗನ ತಲೆಯನ್ನು ಎರಡೂ ಕೈಯಿಂದ ಹಿಡಿದು ಸವರಿ ಹೋದರು.

ಕೈಪಟ್ಟಿ ಬಿಚ್ಚಿದ ವಾರವೇ ಅಪ್ಪ ಬಸ್ಸು ಹತ್ತಿ ನನ್ನೊಡನೆ ಸೇಡಂಗೆ ಬಂದ. "ರುಮಾಲಿನ ಮ್ಯಾಲ ಕುಂದ್ರೋ ಹೆಲ್ಮೆಟ್ ಕೊಡ್ರಿ" ಎಂದ ಅಂಗಡಿಯಲ್ಲಿ. ಅಂಗಡಿಯವನು ಇದ್ದುದರಲ್ಲಿ ದೊಡ್ಡದನ್ನು ತಂದ, ಕೂರಲಿಲ್ಲ. "ಯಜಮಾನ್ರ, ಇದಕ್ಕಿಂತ ದೊಡ್ಡದು ಅಂದ್ರ ನೀರಿನ ಟಾಕಿ ನೋಡಬೇಕ್ರಿ" ಎಂದ. ಅಪ್ಪ ಅತ್ತಿತ್ತ ನೋಡಿ, ತುಂಬಿದ ಅಂಗಡಿಯಲ್ಲೇ ರುಮಾಲು ಬಿಚ್ಚಿ ನನ್ನ ಕೈಗೆ ಕೊಟ್ಟ. ಆ ಬೋಳು ತಲೆಯ ಮೇಲೆ ನನಗೆ ಅವತ್ತು ಬಂದಷ್ಟು ಪ್ರೀತಿ ಎಂದೂ ಬಂದಿರಲಿಲ್ಲ.

ಈಗ ನಾವಿಬ್ಬರೂ ಹೆಲ್ಮೆಟ್ಟಿನವರು. ಮೊನ್ನೆ ಚಿಂಚೋಳಿ ಕಡೆ, ಚಂದ್ರಂಪಳ್ಳಿಯ ಹತ್ತಿರ ನೆಂಟರ ಮನೆಗೆ ಹೋದೆವು. ರಸ್ತೆಯ ಮೇಲೆ ರಾಶಿ ಕಂಡಲ್ಲೆಲ್ಲ ಅಪ್ಪ ನನ್ನ ಬೆನ್ನು ತಟ್ಟಿ ಇಳಿಸುತ್ತಾನೆ, ಇಬ್ಬರೂ ಗಾಡಿ ತಳ್ಳಿಕೊಂಡು ದಾಟುತ್ತೇವೆ. ಊರು ಹತ್ತಿರವಾದಾಗ ಬೇವಿನ ಗಿಡದ ಕೆಳಗೆ ಗಾಡಿ ನಿಲ್ಲಬೇಕು. ಡಿಕ್ಕಿಯಿಂದ ರುಮಾಲು ಹೊರಬರುತ್ತದೆ. ಒಂದು ತುದಿ ನಾನು ಹಿಡಿಯುತ್ತೇನೆ, ಅಪ್ಪ ಗಾಡಿಯ ಕನ್ನಡಿಗೆ ಬಗ್ಗಿ ಸುತ್ತಿಕೊಳ್ಳುತ್ತಾನೆ. ಕುರಿ ಕಾಯುವವರು ನಿಂತು ನೋಡುತ್ತಾರೆ. ನೋಡಲಿ ಬಿಡಿ.

ರಜೆಗೆ ಹೋದಾಗಲೆಲ್ಲ ಬೆಳಿಗ್ಗೆ ಕಟ್ಟೆಯ ಮೇಲೆ ಅಪ್ಪನ ಪಕ್ಕ ಕೂರುತ್ತೇನೆ. ಅಣ್ಣನ ಮಗ ಅಂಗಳದಲ್ಲಿ ಬೈಕ್ ಹೊರಡಿಸುತ್ತಾನೆ. ಹೆಲ್ಮೆಟ್ ತಲೆಗೇರುತ್ತದೆ, ಗದ್ದದ ಕೆಳಗೆ ಪಟ್ಟಿ 'ಟಕ್' ಎಂದು ಕೂರುತ್ತದೆ. ಆ ಸದ್ದು ಕೇಳುವವರೆಗೆ ಅಪ್ಪ ಕೈಯಲ್ಲಿರುವ ಚಹಾ ಬಾಯಿಗಿಡುವುದಿಲ್ಲ.