ಮನೆಗೆ ನಾಲ್ಕೇ ಕೊಡ

ತೊಂಬತ್ತರ ದಶಕದಲ್ಲಿ ನಾವಿದ್ದದ್ದು ತುಮಕೂರಿನ ಒಂದು ವಠಾರದಲ್ಲಿ. ಆರು ಮನೆ, ಒಂದೇ ನಲ್ಲಿ, ನೀರು ದಿನ ಬಿಟ್ಟು ದಿನ. ಡಿಗ್ರಿಯಲ್ಲಿ ತತ್ತ್ವಶಾಸ್ತ್ರ ಓದುತ್ತಿದ್ದ ನನಗೆ ಲೋಕವನ್ನೇ ತಿದ್ದುವ ಹುಮ್ಮಸ್ಸು. ನಲ್ಲಿಯ ಹತ್ತಿರದ ಜಗಳ ಕೇಳಿ ಕೇಳಿ ತಲೆ ಕೆಟ್ಟು, ಮನೆಗೆ ನಾಲ್ಕೇ ಕೊಡ ಎಂದು ನಿಯಮ ಮಾಡಿಸಿದವಳು ನಾನೇ. ಸಮಾನತೆ ತಂದೆನೆಂದು ಒಂದು ವಾರ ಬೀಗಿದೆ.

ವಠಾರದ ಬುದ್ಧಿ ನೋಡಿ. ಕೊಡ ನಾಲ್ಕೇ ತಾನೆ ಎಂದು ಮೊದಲ ಮನೆಯಾಕೆ ಅಂಗಡಿಯಲ್ಲಿದ್ದ ಅತಿ ದೊಡ್ಡ ಪ್ಲಾಸ್ಟಿಕ್ ಕೊಡಗಳನ್ನೇ ತಂದರು. ನಮ್ಮಮ್ಮ ಸುಮ್ಮನಿರುತ್ತಾಳೆಯೇ, ಮಾರನೆಯ ದಿನವೇ ತಂದಳು. ಮಿಕ್ಕವರೂ ತಂದರು. ಹೊಸದು ಕೊಳ್ಳಲು ದುಡ್ಡಿಲ್ಲದ ಕೊನೆಯ ಮನೆಯಾಕೆಯ ಬಳಿ ಮಾತ್ರ ಗುಬ್ಬಿಯ ತವರಿನಿಂದ ಬಂದ ಪುಟ್ಟ ಹಿತ್ತಾಳೆ ಬಿಂದಿಗೆಗಳು. ಆಕೆಯ ಅತ್ತೆಗೆ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರು. ದಿನವೂ ಬಟ್ಟೆ, ಹಾಸು-ಹೊದಿಕೆ ಒಗೆಯಲೇಬೇಕು.

ಒಂದು ಬೆಳಿಗ್ಗೆ ಆಕೆ ನನ್ನನ್ನು ತಡೆದಳು. "ಈ ನಾಲ್ಕು ಬಿಂದಿಗೇಲಿ ಅತ್ತೆ ಬಟ್ಟೆ ಒಗೀಲೋ, ಅನ್ನ ಮಾಡ್ಲೋ, ನೀನೇ ಹೇಳಮ್ಮ. ಈ ತಿಂಗ್ಳು ನೋಡ್ತೀವಿ, ಆಮೇಲೆ ಕುಣಿಗಲ್ ಕಡೆ ಊರಿಗೆ ಹೊಂಟೋಗ್ತೀವಿ."

ಊರಿಗೆ ಹೋದರೆ ಅತ್ತೆಗೆ ಆಸ್ಪತ್ರೆ ದೂರ, ಆಕೆಗೆ ಹೊಲಿಗೆಯ ಕೆಲಸ ಸಿಗುವುದಿಲ್ಲ. ಅಮ್ಮನಿಗೆ ಹೇಳಿದರೆ, "ರೂಲ್ಸ್ ಮಾಡಿದ್ದು ನೀನೇ ಕಣೇ, ಮಾಡಿದ್ದುಣ್ಣೋ ಮಹರಾಯ," ಅಂದಳು.

ಅದೇ ವಾರ ತರಗತಿಯಲ್ಲಿ ಮೇಷ್ಟ್ರು ಒಂದು ವಾದ ಬಿಡಿಸಿ ಹೇಳಿದರು: ಯಾವ ಮನೆಯಲ್ಲಿ ಹುಟ್ಟುತ್ತೇವೋ ತಿಳಿಯದೆ ಪಾಲು ಹಂಚುವುದಾದರೆ ಹೇಗೆ ಹಂಚುತ್ತೇವೋ ಅದೇ ನ್ಯಾಯ. ಅಯ್ಯೋ ದೇವರೇ, ನಾನು ಹಂಚಿದ್ದು ನಮ್ಮ ಮನೆ ಹೊಸ್ತಿಲ ಮೇಲೆ ಕೂತು.

ಭಾನುವಾರ ಆರು ಚೀಟಿಯಲ್ಲಿ ಆರು ಮನೆ ನಂಬರ್ ಬರೆದು ಎಲ್ಲರನ್ನೂ ಜಗಲಿಯ ಮೇಲೆ ಕೂರಿಸಿದೆ. ಚೀಟಿಯಲ್ಲಿ ಯಾವ ಮನೆ ಬಂತೋ ಆ ಮನೆಯವರಾಗಿ ನೀರು ಕೇಳಬೇಕು. "ಏನ್ ಮಕ್ಕಳಾಟ ಇದು," ಎಂದು ಗೊಣಗುತ್ತಲೇ ಮೊದಲ ಮನೆಯಾಕೆ ಚೀಟಿ ಎತ್ತಿದರು. ಬಂದದ್ದು ಕೊನೆಯ ಮನೆ. ತೆರೆದ ಬಾಗಿಲಿನಾಚೆ ಮಲಗಿದ್ದ ಮುದುಕಿಯನ್ನು ಇಣುಕಿ ನೋಡಿದರು.

"ಎಂಟು ಕೊಡ ಬೇಕು ಕಣ್ರವ್ವ. ಅದೂ ದೊಡ್ಡ ಕೊಡ್ದಲ್ಲಿ. ಕಮ್ಮಿ ಆದ್ರೆ ಆಗಕಿಲ್ಲ."

ಅವರ ಬಾಯಿಗೆ ವಠಾರದಲ್ಲಿ ಎದುರಿರಲಿಲ್ಲ. ಆ ಮನೆಗೆ ಎಂಟು, ಮಿಕ್ಕವರಿಗೆ ಮೂರು ಮೂರು ಎಂದಾಯಿತು.

ಮಾರನೆಯ ದಿನ ನೀರು ಬಂತು. ಸಾಲಿನಲ್ಲಿ ಎಲ್ಲಕ್ಕಿಂತ ಮುಂದೆ ಮೊದಲ ಮನೆಯ ದೊಡ್ಡ ಕೊಡಗಳೇ ಇದ್ದವು. ಬುದ್ಧಿ ಬಿಟ್ಟಾರೆಯೇ ಎಂದು ನನಗೆ ಉರಿದುಹೋಯಿತು. ಆಕೆ ಒಂದು ಕೊಡ ತುಂಬಿಸಿ ಸೊಂಟಕ್ಕೇರಿಸಿ ನೆಟ್ಟಗೆ ಕೊನೆಯ ಮನೆಗೆ ನಡೆದರು. "ಬಾಗ್ಲು ತೆಗಿಯವ್ವ. ಊರಿಗೋಗೋ ಮಾತು ಬುಡು ಇನ್ನ." ಆಮೇಲೆ ನನ್ನತ್ತ ತಿರುಗಿ ಗದರಿದರು. "ಏನ್ ನೋಡ್ತಾ ನಿಂತಿದ್ದೀಯೇ, ಇನ್ನೂ ಏಳು ಐತೆ, ಹೊತ್ಕಂಡ್ ಬಾ."